ಕವಡೆ ಮೇಷ್ಟ್ರಾದ ಬಗೆ

ಕನ್ನಡ ಮೇಷ್ಟ್ರುಗಳಿಗೆ ಇರುವ ತೊಂದರೆ ಬೇರೆ ಮೇಷ್ಟ್ರುಗಳಿಗಿಲ್ಲ. ವಿಜ್ಞಾನದವರು ಕಪ್ಪೆಯ ಪಾಠ ಮಾಡಿದರೆ ಅವರನ್ನು ಯಾರೂ ಕಪ್ಪೆ ಹಿಡಿಯಲು ಕರೆಯುವುದಿಲ್ಲ. ನಾವು ಮಾತ್ರ ಯಾವ ಪದ ಎತ್ತಿಕೊಂಡರೂ ಅದು ಬಂದು ನಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಹಿಂದೊಮ್ಮೆ ತರಗತಿಯಲ್ಲಿ ಸೋಬಾನೆ ಅಂದರೇನು ಎಂದು ವಿವರಿಸಿದ್ದಕ್ಕೆ ಒಬ್ಬ ಹುಡುಗನ ತಾಯಿ ಬಂದು, ಮಗಳ ಮದುವೆಯಲ್ಲಿ ನಾಲ್ಕು ಹಾಡಿಬಿಡಿ ಎಂದು ಕುಂಕುಮ ಇಟ್ಟು ಹೋಗಿದ್ದರು. ಇಂಥವು ಆಗುತ್ತಲೇ ಇರುತ್ತವೆ. ಆದರೆ ಕವಡೆ ಮಾಡಿದಷ್ಟು ಕೆಲಸವನ್ನು ಬೇರೆ ಯಾವ ಪದವೂ ಮಾಡಲಿಲ್ಲ.

ನಾನು ಆಗ ತಾಯಲೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೆ.

ಒಳಗಿನದು, ಹೊರಗಿನದು

ಮುಳಬಾಗಿಲಿನಲ್ಲಿ ರಾಜ್ಯೋತ್ಸವದ ಸಭೆ. ಈ ಸಲ ಬರೀ ಭಾಷಣ ಬೇಡ, ಒಬ್ಬೊಬ್ಬ ಮೇಷ್ಟ್ರು ಒಂದೊಂದು ಪದದ ಕಥೆ ಹೇಳಲಿ ಎಂದು ಸಂಘಟಕರು ತೀರ್ಮಾನಿಸಿದ್ದರು. ನಾನು ಕವಡೆಯನ್ನು ಆರಿಸಿಕೊಂಡೆ. ದೊಡ್ಡ ಕಾರಣವೇನಿಲ್ಲ. ಮನೆಯಲ್ಲಿ ಹೆಂಡತಿಯ ಚೌಕಾಬಾರದ ಕವಡೆಗಳಿದ್ದವು. ಕೈಯಲ್ಲಿ ತೋರಿಸಲು ಏನಾದರೂ ಇದ್ದರೆ ಭಾಷಣ ಬೇಗ ಮುಗಿಯುತ್ತದೆ.

ಹೇಳಿದ್ದು ಇಷ್ಟು. ಸಂಸ್ಕೃತದ ಕಪರ್ದ ಪ್ರಾಕೃತದಲ್ಲಿ ಕವಡ್ಡವಾಯಿತು, ನಮ್ಮಲ್ಲಿ ಕವಡೆಯಾಯಿತು, ಹಿಂದಿಯಲ್ಲಿ ಕೌಡಿಯಾಗಿ ಅಲ್ಲಿಂದ ಇಂಗ್ಲಿಷಿಗೂ ಹೋಗಿ ಕೌರಿ ಆಯಿತು. ಸುತ್ತಿ ಕಟ್ಟಿದ ಜಟೆಗೂ ಕಪರ್ದ ಎನ್ನುತ್ತಾರೆ, ಅದಕ್ಕೇ ಶಿವನಿಗೆ ಕಪರ್ದಿ ಎಂಬ ಹೆಸರು. ತೆಲುಗಿನವರಿಗೆ ಇದು ಗವ್ವ. ಇದು ಸಮುದ್ರದ ಒಂದು ಜಾತಿಯ ಬಸವನಹುಳುವಿನ ಚಿಪ್ಪು. ಬಂಗಾಳದಿಂದ ಆಫ್ರಿಕದವರೆಗೆ ಜನ ಇದನ್ನು ದುಡ್ಡಾಗಿ ನಡೆಸಿದ್ದಾರೆ. ಚೀನೀಯರ ಬರವಣಿಗೆಯಲ್ಲಿ ಕೊಳ್ಳುವುದು, ಬೆಲೆ ಎಂಬಂಥ ಪದಗಳ ಒಳಗೆ ಇವತ್ತಿಗೂ ಒಂದು ಚಿಪ್ಪಿನ ಗುರುತು ಕೂತಿದೆ. ಅಮೆರಿಕದವರು ಆಡುಮಾತಿನಲ್ಲಿ ಡಾಲರಿಗೆ ಕ್ಲ್ಯಾಮ್ ಅನ್ನುತ್ತಾರಂತೆ. ಅದೂ ಒಂದು ಚಿಪ್ಪಿನ ಜೀವಿಯೇ, ಮಂಗಳೂರಿನವರು ಮರುವಾಯಿ ಎಂದು ಪಲ್ಯ ಮಾಡಿ ತಿನ್ನುವ ಜಾತಿಯದು. ಯಾಕೆ ಹಾಗನ್ನುತ್ತಾರೆ ಎನ್ನುವುದು ಖಚಿತವಿಲ್ಲ. ಅಲ್ಲಿನ ಮೂಲನಿವಾಸಿಗಳು ಚಿಪ್ಪಿನ ಮಣಿಯಲ್ಲಿ ವ್ಯವಹಾರ ಮಾಡುತ್ತಿದ್ದುದರಿಂದ ಬಂದಿರಬಹುದು ಎಂದು ಒಂದು ಊಹೆ. ಕವಡೆಯ ಒಳಗಿನ ಮಾಂಸವನ್ನೂ ಕೆಲವು ದ್ವೀಪಗಳಲ್ಲಿ ತಿನ್ನುತ್ತಾರೆ. ಒಟ್ಟಿನಲ್ಲಿ ಮನುಷ್ಯ ಸಮುದ್ರದಿಂದ ಎತ್ತಿಕೊಂಡದ್ದನ್ನು ಒಂದೋ ತಿಂದಿದ್ದಾನೆ, ಇಲ್ಲವೇ ಖರ್ಚು ಮಾಡಿದ್ದಾನೆ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ನಿರೂಪಕರು ಅಂದರು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಊಟದ ವಾಸನೆ ಬರುತ್ತಿರುತ್ತದೆ. ಆ ದಿನ ಮಾತ್ರ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮಾಲೂರಿನವರು, ಕೆರೆಗಳನ್ನು ಮೀನಿಗೆ ಗುತ್ತಿಗೆ ಹಿಡಿಯುವವರು.

"ಸಾರ್, ಒಳಗಿರೋದ್ನ ತಿಂದು ಹೊರಗಿರೋದ್ನ ಖರ್ಚು ಮಾಡಬಹುದು ಅಂದ್ರೆ, ಅದಕ್ಕಿಂತ ಒಳ್ಳೆ ದುಡ್ಡು ಯಾವ್ದಿದೆ? ನಮ್ಮ ನೋಟು ಬಿಚ್ಚಿದ್ರೆ ಒಳಗೇನಿದೆ?"

ಸಭೆ ಒಂದು ಕ್ಷಣ ಗಂಭೀರವಾಗಿ ಯೋಚಿಸಿತು. ನಾನು ವಿವರಿಸಿದೆ. ದುಡ್ಡಿಗಾಗಿ ಕವಡೆ ಹಿಡಿಯುತ್ತಿದ್ದವರು ಒಳಗಿನದನ್ನು ತಿನ್ನುತ್ತಿರಲಿಲ್ಲ, ಮರಳಿನಲ್ಲಿ ಹೂತು ಕೊಳೆಯಲು ಬಿಡುತ್ತಿದ್ದರು, ಆಮೇಲೆ ತೆಗೆದು ತೊಳೆಯುತ್ತಿದ್ದರು, ಆ ನಾತಕ್ಕೆ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಅವರು ತಲೆಯಾಡಿಸುತ್ತ ಕೂತರು. ಕೂರುವಾಗ ಪಕ್ಕದವರಿಗೆ ಹೇಳಿದ್ದು ಮೈಕಿಲ್ಲದೆ ವೇದಿಕೆವರೆಗೂ ಕೇಳಿತು. ನಾರೋ ದುಡ್ಡು ಇವತ್ತು ನೆನ್ನೆದಲ್ಲ ಅಂತಾಯ್ತು.

ಅತ್ತೆಯ ಡಬ್ಬಿ

ನನ್ನ ಅತ್ತೆಯವರ ಮನೆ ರಾಯಲ್ಪಾಡು ಕಡೆ. ಅಲ್ಲಿ ಮನೆಮಾತೇ ತೆಲುಗು. ತುಂಬಿದ ಸಭೆಯಲ್ಲಿ ಅಳಿಯಂದಿರು ಯಾವುದೋ ದ್ವೀಪದವರು ಕವಡೆ ತಿನ್ನುತ್ತಾರೆ ಎಂದು ದೊಡ್ಡದಾಗಿ ಹೇಳಿದರಂತೆ ಎನ್ನುವ ಸುದ್ದಿ ಅವರಿಗೆ ಮುಟ್ಟಿತು. ಅವರಿಗೆ ಬೇಸರವಾಗಿದ್ದು ದ್ವೀಪದವರ ಮೇಲಲ್ಲ, ನನ್ನ ಮೇಲೆ. ಪ್ರತಿ ಹಬ್ಬಕ್ಕೂ ತಾನು ಮಾಡಿ ಕಳಿಸುವ ಗವ್ವಲು ಈ ಮನುಷ್ಯನಿಗೆ ನೆನಪೇ ಆಗಲಿಲ್ಲವಲ್ಲ ಎಂದು. ಹಿಟ್ಟನ್ನು ಚಿಕ್ಕ ಉಂಡೆ ಮಾಡಿ, ಗೆರೆ ಕೊರೆದ ಹಲಗೆಯ ಮೇಲೆ ಒತ್ತಿ ಸುರುಳಿಸಿ, ಎಣ್ಣೆಯಲ್ಲಿ ಕರಿದು ಬೆಲ್ಲದ ಪಾಕಕ್ಕೆ ಹಾಕುವ ತಿಂಡಿ ಅದು. ನೋಡಲು ಥೇಟ್ ಕವಡೆ. ಮುಂದಿನ ಬಸ್ಸಿಗೇ ಒಂದು ಸ್ಟೀಲ್ ಡಬ್ಬಿ ತುಂಬ ಬಂತು.

ಅದನ್ನು ಶಾಲೆಗೆ ಒಯ್ದೆ. ನಮ್ಮ ಹೆಡ್‌ಮಾಸ್ಟರು ಹಾಸನದ ಕಡೆಯವರು, ಈ ತಿಂಡಿ ಕಂಡವರಲ್ಲ. ಸಭೆಗೆ ಬಂದು ನನ್ನ ಭಾಷಣವನ್ನು ಅರ್ಧ ಕೇಳಿ ಅರ್ಧ ನಿದ್ದೆ ಮಾಡಿದ್ದರು. ಡಬ್ಬಿಯಲ್ಲಿ ಅರ್ಧದಷ್ಟನ್ನು ಅವರೇ ಮುಗಿಸಿ, ಕೈ ಒರೆಸಿಕೊಂಡು, ಸಮುದ್ರದ ಪದಾರ್ಥ ಇಷ್ಟು ಸಿಹಿ ಇರುತ್ತದೆ ಎಂದು ತಮಗೆ ಗೊತ್ತಿರಲಿಲ್ಲ, ಇಷ್ಟು ವರ್ಷ ತಾವು ಸಸ್ಯಾಹಾರಿಯಾಗಿದ್ದದ್ದೇ ದಂಡ ಎಂದರು.

ಫೋಟೋ

ಇಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು ಒಂದು ಫೋಟೋ.

ವೇದಿಕೆಗೆ ಹತ್ತುವಾಗ ಸಂಘಟಕರು ಹಣೆಗೆ ಕುಂಕುಮ ಇಟ್ಟು ಕೇಸರಿ ಶಾಲು ಹೊದಿಸಿದ್ದರು. ಮುಂದೆ ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆ. ಚೌಕಾಬಾರದ ಲೆಕ್ಕ ತೋರಿಸೋಣ ಎಂದು ನಾನು ಕವಡೆಗಳನ್ನು ಆ ಬಟ್ಟೆಯ ಮೇಲೆ ಎಸೆದಿದ್ದೆ. ಅದೇ ಹೊತ್ತಿಗೆ ಮುಂದಿನ ವಾಕ್ಯ ಮರೆತುಹೋಯಿತು. ಒಂದು ಕೈ ಮೇಲೆತ್ತಿ, ಕಣ್ಣು ಮುಚ್ಚಿ, ನೆನಪು ಮಾಡಿಕೊಳ್ಳುತ್ತಿದ್ದೆ. ಫೋಟೋದವನು ಅದನ್ನೇ ಹಿಡಿದ. ಸಂಘಟಕರು ಅದರ ಕೆಳಗೆ, ಕವಡೆಯ ಬಗ್ಗೆ ಅಧಿಕೃತವಾಗಿ ನುಡಿದ ಮೇಷ್ಟ್ರು ಎಂದು ಬರೆದು ವಾಟ್ಸಾಪಿಗೆ ಬಿಟ್ಟರು. ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಚಿತ್ರ ನೋಡಿದವರಿಗೆ ಮಾತ್ರ ಅಕ್ಷರ ಓದುವ ಅಗತ್ಯವೇ ಬೀಳಲಿಲ್ಲ.

ನಮ್ಮ ಕಡೆ ಕವಡೆ ಹಾಕಿ ಶಾಸ್ತ್ರ ಹೇಳುವವರ ಹತ್ತಿರ ಹೋಗುವುದು ಗುಟ್ಟಿನ ವಿಷಯವೇನಲ್ಲ. ದನ ಕಳೆದರೆ, ಸಂಬಂಧ ನೋಡಬೇಕಾದರೆ, ಬೋರ್‌ವೆಲ್ ಕೊರೆಸಬೇಕಾದರೆ ಹೋಗುತ್ತಾರೆ. ಇದರಲ್ಲೆಲ್ಲ ಏನೂ ಇಲ್ಲ ಎಂದು ಮಕ್ಕಳಿಗೆ ವರ್ಷ ವರ್ಷವೂ ಹೇಳಿಕೊಂಡು ಬಂದ ಮೇಷ್ಟ್ರು ನಾನು. ಆ ಮಕ್ಕಳಲ್ಲೇ ಒಬ್ಬ ಆ ಫೋಟೋವನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡು, ನಮ್ಮ ಸಾರ್ ಎಂದು ಬರೆದಿದ್ದ.

ಟೊಮ್ಯಾಟೊ

ಮೊದಲು ಬಂದವರು ಟೊಮ್ಯಾಟೊ ಬೆಳೆಯುವ ಒಬ್ಬರು. ಬೆಳಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಬಂದು, ಎಲೆ ಅಡಿಕೆ ಬಾಳೆಹಣ್ಣು ಇಟ್ಟು ಕೈಕಟ್ಟಿ ನಿಂತರು. ಗಿಡದಲ್ಲಿ ಹಣ್ಣಾಗಿದೆ, ಇವತ್ತೇ ಕೀಳಿಸಲೋ, ರೇಟು ಏರುವವರೆಗೆ ತಡೆಯಲೋ, ನೋಡಿ ಹೇಳಬೇಕು. ಮೊದಲಾದರೆ ರಾಯಲ್ಪಾಡು ಹತ್ತಿರ ಕವಡೆ ಹಾಕುವ ಗವ್ವಲ ತಾತನ ಬಳಿ ಹೋಗುತ್ತಿದ್ದರಂತೆ. ಅದಕ್ಕೆ ಎರಡು ಬಸ್ಸು ಬದಲಿಸಬೇಕು. ನೀವು ಪಕ್ಕದಲ್ಲೇ ಇದ್ದೂ ನಮಗೆ ಗೊತ್ತಿರಲಿಲ್ಲ ನೋಡಿ ಎಂದು ನೊಂದುಕೊಂಡರು.

ನಾನು ಬಾಯಿ ಮುಕ್ಕಳಿಸಿ ಬಂದು, ನನಗೆ ಇದೆಲ್ಲ ಗೊತ್ತಿಲ್ಲ, ನಾನು ಪದದ ಬಗ್ಗೆ ಮಾತಾಡಿದ್ದು ಅಷ್ಟೇ ಎಂದೆ. ಅವರು ಹೋಗಲಿಲ್ಲ. ಕೊನೆಗೆ ಯಾರಾದರೂ ಹೇಳುವ ಮಾತನ್ನೇ ಹೇಳಿದೆ. ಹಣ್ಣಾಗಿದ್ದರೆ ಕೀಳಿಸಿ, ಮಳೆ ಬಂದರೆ ಗಿಡದಲ್ಲೇ ಕೊಳೆಯುತ್ತದೆ.

ಕೀಳಿಸಿದರು. ಮಾರನೆಯ ದಿನವೇ ಮೋಡ ಕಟ್ಟಿ ವಾರ ಪೂರ್ತಿ ಜಡಿಮಳೆ ಹಿಡಿಯಿತು. ತಡೆದುಕೊಂಡು ಕೂತವರ ತೋಟದಲ್ಲಿ ಹಣ್ಣೆಲ್ಲ ಒಡೆದುಹೋಯಿತು. ಮಳೆ ನಿಂತ ದಿನ ಅವರು ಒಂದು ಕ್ರೇಟು ಟೊಮ್ಯಾಟೊ ಹೊತ್ತುಕೊಂಡು ಬಂದು ನಮ್ಮ ಜಗಲಿಯ ಮೇಲಿಟ್ಟರು. ಜೊತೆಯಲ್ಲಿ ಬಂದವರಿಗೆ ನನ್ನನ್ನು ತೋರಿಸಿ ಹೇಳಿದರು.

"ಕವಡೆ ಮುಟ್ಟಲೇ ಇಲ್ಲ ಕಣ್ರೋ. ಬ್ರಷ್ ಬಾಯಲ್ಲಿತ್ತು. ಹಂಗೇ ಹೇಳಿಬಿಟ್ರು."

ಆ ಟೊಮ್ಯಾಟೊ ಮುಗಿಯುವಷ್ಟರಲ್ಲಿ ನಮ್ಮ ಮನೆಯ ಸಾರಿನ ಬಣ್ಣ ಎಲ್ಲರಿಗೂ ಸಾಕಾಗಿತ್ತು.

ಹುಡುಗಿಯನ್ನು ಕೇಳಿ

ಎರಡನೆಯವರು ಒಬ್ಬ ತಾಯಿ. ಅವರ ಮಗಳು ನರಸಾಪುರದ ಒಂದು ಕಂಪನಿಯಲ್ಲಿ ಕೆಲಸ ಮಾಡುವವಳು. ಕಂಪನಿ ಬಸ್ಸು ಊರ ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಎಷ್ಟು ಗಂಡು ತಂದರೂ ಒಂದೂ ಕೂಡಿಬರುತ್ತಿಲ್ಲ, ಎಲ್ಲಿ ಅಡ್ಡಿಯಾಗಿದೆ, ಯಾರ ಕಣ್ಣು ಬಿದ್ದಿದೆ ನೋಡಿ ಹೇಳಿ ಎಂದು ಕೂತರು. ಈ ಸಲ ನಾನು ಹುಷಾರಾಗಿದ್ದೆ. ಮಳೆ ಬಿಸಿಲು ಯಾವುದರ ಸುದ್ದಿಗೂ ಹೋಗದೆ ಎಲ್ಲಕ್ಕಿಂತ ಸಪ್ಪೆಯಾದ ಮಾತನ್ನು ಹುಡುಕಿದೆ.

"ಹುಡುಗಿನೇ ಒಂದ್ಸಲ ಕೇಳಿ ಅಮ್ಮಾ."

ಆಕೆ ನನ್ನ ಮುಖವನ್ನೇ ನೋಡಿದರು. ಇದುವರೆಗೆ ಮಗಳನ್ನು ಕೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ. ಮನೆಗೆ ಹೋಗಿ ಕೇಳಿದರು. ಮಗಳು ತಡಮಾಡದೆ ಹೇಳಿದಳು, ಅದೇ ಶಿಫ್ಟಿನ, ಅದೇ ಬಸ್ಸಿನ ಒಬ್ಬ ಹುಡುಗನ ಹೆಸರು. ವಿಚಾರಿಸಿದರೆ ಅವನು ಮುಳಬಾಗಿಲು ಕಡೆಯವನು, ಇವರದೇ ಜನ, ದೂರದ ನೆಂಟಸ್ತಿಕೆಯೂ ಸಿಕ್ಕಿತು. ತಿಂಗಳೊಳಗೆ ಲಗ್ನಪತ್ರಿಕೆ ಬಂತು.

ಲಗ್ನಪತ್ರಿಕೆ ಕೊಡಲು ಬಂದಾಗ ನಾನು ಮನೆಯಲ್ಲಿರಲಿಲ್ಲ. ಆಕೆ ನನ್ನ ಹೆಂಡತಿಯ ಕೈಹಿಡಿದು, ಬಸ್ಸಿನೊಳಗೆ ಕೂತಿದ್ದ ಹುಡುಗ ನಿಮ್ಮ ಯಜಮಾನರಿಗೆ ಇಲ್ಲಿಂದಲೇ ಕಂಡನಲ್ಲಮ್ಮಾ ಎಂದು ಕಣ್ಣು ಒರೆಸಿಕೊಂಡರಂತೆ. ನನ್ನ ಹೆಂಡತಿ ಮಾತ್ರ ಅಷ್ಟು ಬೇಗ ಒಪ್ಪುವವಳಲ್ಲ. ಅವರಿಗೆ ಫ್ರಿಜ್ಜಿನೊಳಗಿನ ಮೊಸರೇ ಕಾಣಲ್ಲ ಎಂದು ಹೇಳಿ ಕಳಿಸಿದಳು.

ಗವ್ವಲ ತಾತ

ಇಲ್ಲಿಯವರೆಗೆ ನನಗೆ ಇದು ತಮಾಷೆಯಾಗಿತ್ತು. ಒಂದು ಭಾನುವಾರ ಗವ್ವಲ ತಾತನೇ ಬಂದರು.

ತೆಳ್ಳಗಿನ ದೇಹ, ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವಲು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕುರ್ಚಿ ಕೊಟ್ಟರೆ ಕೂರಲಿಲ್ಲ, ಜಗಲಿಯ ಅಂಚಿನಲ್ಲೇ ಕೂತರು. ಹೆಂಡತಿ ತೆಲುಗಿನಲ್ಲಿ ಮಾತಾಡಿಸಿ, ಕಾಲಿಗೆ ನಮಸ್ಕಾರ ಮಾಡಿ ಕಾಫಿ ತರಲು ಹೋದಳು. ನಮ್ಮ ಮದುವೆಯ ಮಾತು ಬಂದಾಗಲೂ ಅತ್ತೆ ಇವರ ಹತ್ತಿರವೇ ಕವಡೆ ಹಾಕಿಸಿದ್ದರಂತೆ. ಆಗ ಏನು ಬಂದಿತ್ತು ಎಂದು ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ತಾತ ಜಗಳಕ್ಕೆ ಬಂದಿರಲಿಲ್ಲ. ಆ ಕಡೆ ಮೇಷ್ಟ್ರನ್ನು ಅಯ್ಯವಾರು ಅನ್ನುತ್ತಾರೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದರು.

"ಅಯ್ಯವಾರೂ, ನಿಮಗೆ ತಿಂಗಳಾದ್ರೆ ಸಂಬಳ ಬರ್ತದೆ. ನನಗೆ ಈ ಗವ್ವ ಬಿಟ್ರೆ ಇನ್ನೇನಿಲ್ಲ. ಮುಳಬಾಗಿಲು ಕಡೆಯಿಂದ ಬರೋರು ಒಬ್ಬರೂ ಬರ್ತಿಲ್ಲ. ನಿಮಗೆ ಭಾಷಣ, ನನಗೆ ಹೊಟ್ಟೆಪಾಡು."

ಕವಡೆ ಶಾಸ್ತ್ರದಲ್ಲಿ ನನಗೆ ಒಂದು ಚೂರೂ ನಂಬಿಕೆ ಇಲ್ಲ. ಆದರೆ ಆ ವಯಸ್ಸಿನ ಮನುಷ್ಯ ನನ್ನ ಬಾಗಿಲಲ್ಲಿ ಹಾಗೆ ಕೂತದ್ದು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ನಾನು ಮಾಡದ ವ್ಯಾಪಾರದಲ್ಲಿ ಇವರ ಅಂಗಡಿ ಮುಚ್ಚುತ್ತಿತ್ತು. ಇನ್ನು ಮುಂದೆ ಯಾರು ಬಂದರೂ ನಿಮ್ಮ ಹತ್ತಿರವೇ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಕಳಿಸಿದೆ ಕೂಡ. ಬಂದವರಿಗೆಲ್ಲ, ನನಗೆ ಗೊತ್ತಿಲ್ಲ, ತಾತನ ಹತ್ತಿರ ಹೋಗಿ ಎಂದೆ. ಕೆಲವರು ಹೋದರು. ಸ್ವಲ್ಪ ದಿನಕ್ಕೆ ಹಾಲಿನ ಡೈರಿಯ ಕಾರ್ಯದರ್ಶಿ ಸಿಕ್ಕಿ ನನ್ನ ವ್ಯವಸ್ಥೆಯನ್ನು ತುಂಬ ಹೊಗಳಿದರು. ಸಣ್ಣಪುಟ್ಟ ಕೇಸೆಲ್ಲ ರಾಯಲ್ಪಾಡು ಕಡೆಯ ತಾತನಿಗೆ ಬಿಟ್ಟು, ದೊಡ್ಡದನ್ನು ಮಾತ್ರ ನೀವೇ ಇಟ್ಟುಕೊಂಡಿದ್ದೀರಂತೆ, ಹಾಗೇ ಇರಬೇಕು ಎಂದರು. ತಾತನ ಬಳಿ ಹೋದವರು ಅಲ್ಲಿ ಕೂತು ಕೇಳುತ್ತಿದ್ದ ಮೊದಲ ಪ್ರಶ್ನೆ, ಇದನ್ನು ಮೇಷ್ಟ್ರು ಒಪ್ಪುತ್ತಾರಾ ಎಂಬುದಂತೆ.

ಅರಳಿಕಟ್ಟೆ

ಉಳಿದದ್ದು ಒಂದೇ ದಾರಿ. ಊರವರ ಎದುರಿಗೆ ನಾನೇ ತಾತನ ಮುಂದೆ ಕೂತು ಶಾಸ್ತ್ರ ಕೇಳಬೇಕು. ಮೇಷ್ಟ್ರೇ ಕೇಳಿದರೆಂದರೆ ದೊಡ್ಡವರು ಯಾರು ಎನ್ನುವುದು ತೀರ್ಮಾನವಾಗುತ್ತದೆ. ಪಾಠ ಹೇಳಿದ ಮಕ್ಕಳ ಮುಂದೆ ಹಾಗೆ ಕೂರುವುದು ನನಗೆ ಕಷ್ಟವಿತ್ತು. ತಾತನ ಹೊಟ್ಟೆಯ ಮುಂದೆ ನನ್ನ ಕಷ್ಟ ದೊಡ್ಡದೆನಿಸಲಿಲ್ಲ, ಒಪ್ಪಿಕೊಂಡೆ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ತಾತನನ್ನು ಮರ್ಯಾದೆಯಿಂದ ಕರೆಸಿದೆ. ಅರಳಿಕಟ್ಟೆಯ ಮೇಲೆ ಅವರು ಕರಿಕಂಬಳಿ ಹಾಸಿ, ಅರಿಶಿನ ಇಟ್ಟು ಕೂತರು. ನಾನು ಎಲೆಯ ಮೇಲೆ ದಕ್ಷಿಣೆ ಇಟ್ಟು ನಮಸ್ಕಾರ ಮಾಡಿದೆ. ಊರು ಪೂರ್ತಿ ಸೇರಿತ್ತು. ಆಗ ಹೊಳೆಯಿತು, ಏನು ಕೇಳಬೇಕೆಂದು ನಾನು ಯೋಚಿಸಿಯೇ ಇಲ್ಲ. ಮನೆ ಮಕ್ಕಳ ವಿಷಯ ಬೇಡ, ಆರೋಗ್ಯದ ವಿಷಯ ಬೇಡ, ಯಾರಿಗೂ ತೊಂದರೆಯಾಗದ ಪ್ರಶ್ನೆ ಬೇಕು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ವರ್ಗಾವಣೆ ಕೇಳಿ ಎಂದು ಪಿಸುಗುಟ್ಟಿದರು. ಒಳ್ಳೆಯ ಸಲಹೆ ಎನಿಸಿತು. ನಾನು ವರ್ಗಾವಣೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಆಗುವುದಿಲ್ಲ ಎಂದು ತಾತ ಹೇಳುತ್ತಾರೆ, ಆಗುವುದೂ ಇಲ್ಲ, ಅವರ ಮಾತೂ ನಿಲ್ಲುತ್ತದೆ.

ಕೇಳಿದೆ. ತಾತ ಕವಡೆ ಹಾಕಿದರು. ಕವಡೆಗಳನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನೆರೆದಿದ್ದ ಜನವನ್ನು, ಇವರೆಲ್ಲ ಮೊದಲು ತನ್ನ ಮನೆಗೆ ಬರುತ್ತಿದ್ದವರು ಎನ್ನುವಂತೆ, ನಿಧಾನವಾಗಿ ನೋಡಿದರು.

"ಅಯ್ಯವಾರೂ, ಮಾವಿನಕಾಯಿ ಮುಗಿಯೋ ಹೊತ್ತಿಗೆ ನೀವು ಈ ಊರಲ್ಲಿರಲ್ಲ."

ಹಿಂದೆ ನಿಂತಿದ್ದ ಒಬ್ಬ ಮುದುಕಿ ಸೆರಗು ಬಾಯಿಗೆ ಇಟ್ಟು ಅಳಲು ಶುರುಮಾಡಿದಳು. ಅವಳ ಜೊತೆ ಇನ್ನೂ ಇಬ್ಬರು ಸೇರಿಕೊಂಡರು. ತಾತ ಗಾಬರಿಯಾಗಿ ಕಂಬಳಿಯಿಂದ ಅರ್ಧ ಎದ್ದರು.

"ಟ್ರಾನ್ಸ್‌ಫರ್ರಮ್ಮಾ. ನಾನು ಹೇಳಿದ್ದು ಟ್ರಾನ್ಸ್‌ಫರ್ರು."

ಬೀಳ್ಕೊಡುಗೆ

ತಾತ ಹೇಳಿದ ಮೇಲೆ ಮುಗಿಯಿತು. ನಾನು ಅರ್ಜಿ ಹಾಕಿಲ್ಲ ಎಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಪ್ರಿಲಿನಲ್ಲಿ ಶಾಲೆ ಮುಚ್ಚುವ ದಿನ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡರು. ಆಮೇಲೆ ರಜೆ, ರಜೆಯಲ್ಲಿ ಮಾವಿನ ಕೆಲಸ, ಅಷ್ಟರಲ್ಲಿ ಮೇಷ್ಟ್ರು ಹೊರಟುಹೋದರೆ ಸನ್ಮಾನ ಮಾಡುವುದು ಯಾವಾಗ ಎಂಬ ಲೆಕ್ಕ. ಬೇಡ ಎಂದೆ. ದೊಡ್ಡವರು ಹಾಗೆಯೇ ಅನ್ನುವುದು ಎಂದರು. ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲ ಬಂತು. ಹೆಡ್‌ಮಾಸ್ಟರು ಮಾತಾಡುತ್ತ ಇವರಿಲ್ಲದ ಶಾಲೆಯನ್ನು ಊಹಿಸಿಕೊಳ್ಳಲೂ ಆಗದು ಎಂದು ಮಾತು ಅರ್ಧಕ್ಕೇ ಬಿಟ್ಟು ಕೂತುಬಿಟ್ಟರು. ಹೆಣ್ಣುಮಕ್ಕಳು ಅತ್ತರು. ಯಾಕೋ ನನಗೂ ಅಳು ಬಂತು.

ಜೂನಿನಲ್ಲಿ ಶಾಲೆ ಶುರುವಾದ ಬೆಳಗ್ಗೆ ಎಂದಿನಂತೆ ಒಳಗೆ ಹೋದೆ. ಪ್ರಾರ್ಥನೆಗೆ ನಿಂತಿದ್ದ ಮಕ್ಕಳು ಹಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನನ್ನ ಪಾಠಗಳನ್ನು ಹೆಡ್‌ಮಾಸ್ಟರು ಬೇರೆಯವರಿಗೆ ಹಂಚಿಯಾಗಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಮೇಲೆ ಡ್ರಾಯಿಂಗ್ ಮೇಷ್ಟ್ರ ಹೆಲ್ಮೆಟ್ ಕೂತಿತ್ತು. ಪೇಟ ತೊಟ್ಟು, ಅಳಿಸಿ, ಗಡಿಯಾರ ತೆಗೆದುಕೊಂಡು ಹೋದ ಮನುಷ್ಯ ಮತ್ತೆ ಹಾಜರಾದರೆ ಹೇಗೆ ನಡೆದುಕೊಳ್ಳಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಡೈರಿಯ ಕಾರ್ಯದರ್ಶಿಯಂತೂ ಕಂಡಾಗಲೆಲ್ಲ ಕೇಳುತ್ತಿದ್ದರು, ಇನ್ನೂ ಹೋಗಿಲ್ವಾ ಸಾರ್.

ನನಗೆ ಮುಜುಗರ ಆದದ್ದು ನನ್ನ ಪಾಡು. ತಾತನಿಗೆ ಮಾತ್ರ ಪೆಟ್ಟು ಜೋರಾಗಿ ಬಿತ್ತು. ಬಾದಾಮಿ ಮಾವಿನ ಲಾರಿಗಳು ಹೋದವು, ತೋತಾಪುರಿ ಕೀಳಲು ಶುರುವಾಯಿತು, ಮೇಷ್ಟ್ರು ಮಾತ್ರ ಅಲ್ಲೇ ಇದ್ದಾರೆ ಎಂದು ಜನ ಆಡಿಕೊಳ್ಳತೊಡಗಿದರು. ತಾತನ ಕವಡೆ ಸವೆದುಹೋಗಿದೆ ಎಂದರು. ಶ್ರೀನಿವಾಸಪುರದ ಕಡೆಯ, ಅವರದೇ ಸುತ್ತಿನ ಹಳ್ಳಿಯವರೂ ಅವರನ್ನು ಬಿಟ್ಟರು. ಮರ್ಯಾದೆ ಉಳಿಸಲು ಹೋಗಿ ಇದ್ದಬದ್ದದ್ದನ್ನೂ ಕಳೆದಿದ್ದೆ. ಅತ್ತೆಯವರ ಕೈಲಿ ತಾತ ಒಂದು ಮಾತು ಹೇಳಿಕಳಿಸಿದರು. ಬೈಗುಳವಲ್ಲ, ತಗಾದೆಯೂ ಅಲ್ಲ. ನೀಲಂ ಒಂದು ಬಾಕಿ ಇದೆ ಎಂದಷ್ಟೇ. ನೀಲಂ ನಮ್ಮಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವ ಮಾವು.

ಆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತುತ್ತ, ಅಷ್ಟು ಬೇಜಾರಿದ್ದರೆ ನೀವೇ ಕೇಳಿಕೊಂಡು ಹೋಗಿಬಿಡಿ, ಯಾರು ಬೇಡ ಅಂದರು ಎಂದಳು. ಸುಮ್ಮನೆ ಹೇಳಿದ ಮಾತು. ನನಗೆ ಮಾತ್ರ ಬೇರೆ ದಾರಿ ಕಾಣಲಿಲ್ಲ. ಕವಡೆಯಲ್ಲಿ ಏನೂ ಇಲ್ಲ ಎಂದು ಜೀವಮಾನವಿಡೀ ಪಾಠ ಮಾಡಿದವನು, ಕವಡೆ ಹೇಳಿದ್ದು ನಿಜವಾಗಲಿ ಎಂದು ವರ್ಗಾವಣೆಗೆ ಅರ್ಜಿ ಹಾಕಿದೆ.

ಕೌನ್ಸೆಲಿಂಗ್

ಕೋಲಾರದಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ಹಾಲ್ ತುಂಬ ಮೇಷ್ಟ್ರುಗಳು. ಒಬ್ಬರಿಗೆ ತಾಯಿಗೆ ಹುಷಾರಿಲ್ಲ, ಒಬ್ಬರಿಗೆ ಗಂಡ ಒಂದು ಕಡೆ ಹೆಂಡತಿ ಒಂದು ಕಡೆ. ಎಲ್ಲರಿಗೂ ಇಂಥ ಊರೇ ಬೇಕು. ಪಕ್ಕದಲ್ಲಿ ಕೂತವರು ನಿಮಗೆ ಎಲ್ಲಿ ಬೇಕು ಎಂದು ಕೇಳಿದರು. ಎಲ್ಲಾದರೂ ಸರಿ, ನೀಲಂ ಮುಗಿಯುವುದರೊಳಗೆ ಬೇಕು ಎಂದೆ. ಅವರು ಸ್ವಲ್ಪ ದೂರ ಸರಿದು ಕೂತರು.

ನನ್ನ ಸರದಿ ಬರುವ ಹೊತ್ತಿಗೆ ಕೋಲಾರದ ಸುತ್ತಮುತ್ತಲಿನದು, ಮಾಲೂರಿನದು ಎಲ್ಲ ತುಂಬಿಹೋಗಿತ್ತು. ಜಿಲ್ಲೆಯಲ್ಲಿ ಕನ್ನಡ ಮೇಷ್ಟ್ರಿಗೆ ಉಳಿದದ್ದು ಒಂದೇ ಜಾಗ. ಅಧಿಕಾರಿ ಪರದೆ ನೋಡಿ ಊರಿನ ಹೆಸರು ಓದಿದರು. ಇನ್ನೊಂದು ಸಲ ಓದಿ ಸಾರ್ ಎಂದೆ. ಓದಿದರು. ಅದು ರಾಯಲ್ಪಾಡು ಹತ್ತಿರದ ಹಳ್ಳಿ, ಗವ್ವಲ ತಾತನ ಊರು. ತೆಗೆದುಕೊಳ್ಳುತ್ತೀರೋ ಬಿಡುತ್ತೀರೋ, ಹಿಂದೆ ಜನ ಕಾಯುತ್ತಿದ್ದಾರೆ ಎಂದರು. ಬಿಟ್ಟರೆ ಹಳೆಯ ಶಾಲೆಗೇ ವಾಪಸ್ಸು, ತಾತನ ಮಾತು ಸುಳ್ಳು, ತಾತನಿಗೆ ಅನ್ನವಿಲ್ಲ. ತೆಗೆದುಕೊಂಡೆ.

ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿತು. ಅರ್ಜಿಯ ವಿಷಯ ಹೆಂಡತಿಯ ಹೊರತು ಯಾರಿಗೂ ತಿಳಿದಿರಲಿಲ್ಲ. ಮರದಲ್ಲಿ ನೀಲಂ ಇರುವಾಗಲೇ ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆಯಿತು, ತಾತ ಹೇಳಿದ್ದು ಹೇಳಿದಂತೆ ಆಯಿತು ಎಂದು ನಾಲ್ಕು ತಾಲ್ಲೂಕಿನಲ್ಲೂ ಮಾತು. ಬಿಟ್ಟುಹೋದವರೆಲ್ಲ ತಾತನ ಮನೆಗೆ ಮರಳಿ ಬಂದರು. ಟೊಮ್ಯಾಟೊದವರೂ ಎರಡು ಬಸ್ಸು ಬದಲಿಸಿ ಹೋಗಿ ಬಂದರಂತೆ. ಅತ್ತೆ ಫೋನು ಮಾಡಿ, ತಾತನ ಬಾಗಿಲಲ್ಲಿ ಚಪ್ಪಲಿ ಬಿಡಲೂ ಜಾಗವಿಲ್ಲ ಎಂದಾಗ ನನಗೆ ಬಹಳ ದಿನಗಳ ಮೇಲೆ ಹಗುರವಾಯಿತು. ನನಗೆ ಯಾವ ಊರು ಸಿಕ್ಕಿದೆ ಎನ್ನುವುದು ಮಾತ್ರ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ.

ಹೊಸ ಶಾಲೆಗೆ ಹಾಜರಾಗಲು ಹೋದ ದಿನ ಬಸ್ಸು ಇಳಿದು ನೋಡುತ್ತೇನೆ, ಶಾಲೆಯ ಗೇಟಿಗೆ ಎದುರು ಮನೆಯೇ ತಾತನದು. ಜಗಲಿಯ ಮೇಲೆ ಕರಿಕಂಬಳಿ ಹಾಸಿದೆ, ಸುತ್ತ ಜನ ಕೂತಿದ್ದಾರೆ. ಯಾರೋ ನನ್ನನ್ನು ಗುರುತು ಹಿಡಿದು, ಅವರೇ ಕಣ್ರೋ, ಫೋಟೋದಲ್ಲಿರೋ ಮೇಷ್ಟ್ರು ಎಂದರು. ಜಗಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಎಲೆ ಅಡಿಕೆ ಸಮೇತ ರಸ್ತೆ ದಾಟಿ ಬಂದು ನನ್ನ ಸುತ್ತ ನಿಂತರು. ಒಬ್ಬರು ಬ್ಯಾಗು ಇಸಕೊಂಡರು. ಇನ್ನೊಬ್ಬರು ಅಲ್ಲೇ ಬೋರ್‌ವೆಲ್ ವಿಷಯ ಶುರುಮಾಡಿದರು.

ತಾತ ಖಾಲಿ ಜಗಲಿಯ ಮೇಲೆ ಒಬ್ಬರೇ ಕೂತು ನನ್ನನ್ನು ನೋಡಿದರು. ಆಮೇಲೆ ಕವಡೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡು, ರಸ್ತೆಯ ಆಚೆಯಿಂದಲೇ ಹೇಳಿದರು.

"ಹೋಗ್ತೀರಿ ಅಂತ ನೋಡ್ದೆ ಅಯ್ಯವಾರೂ. ಎಲ್ಲಿಗೆ ಅಂತ ನೋಡ್ಲಿಲ್ಲ."